ಸ್ಮಾರ್ಟ್ ಬಲ್ಬಿಗೆ ಲಿನಕ್ಸ್ ಯಾಕೆ ಹಾಕಲ್ಲ?

"ಲಿನಕ್ಸ್ ಪುಕ್ಕಟೆ ಸಿಗುತ್ತದಲ್ಲ, ಸೆನ್ಸರ್, ಬಲ್ಬುಗಳಿಗೆ ಬೇರೆ ಓಎಸ್ (ಆಪರೇಟಿಂಗ್ ಸಿಸ್ಟಂ, ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ) ಯಾಕೆ?" ಅಂತ ಕೇಳಿದ್ದೀರಿ. ಜಾಗ ಇಲ್ಲ, ಅಷ್ಟೇ. ಲಿನಕ್ಸಿಗೆ ಎಂಬಿಗಟ್ಟಲೆ ರ‍್ಯಾಮ್ ಬೇಕು, ಈ ಪುಟ್ಟ ಚಿಪ್ಪುಗಳಲ್ಲಿ ಎಷ್ಟೋ ಸಲ ಇರುವುದೇ ಹತ್ತಿಪ್ಪತ್ತು ಕೆಬಿ. ಮೇಲಾಗಿ ಸೆನ್ಸರ್ ಒಂದೇ ಸೆಲ್ ಮೇಲೆ ವರ್ಷಗಟ್ಟಲೆ ಬದುಕಬೇಕು, ಅಂದರೆ ಹೆಚ್ಚು ಹೊತ್ತು ಮಲಗಿದ್ದು, ಆಗಾಗ ಎದ್ದು, ಅಳತೆ ತೆಗೆದು, ರೇಡಿಯೋದಲ್ಲಿ ಕಳಿಸಿ ಮತ್ತೆ ಮಲಗಬೇಕು.

ಇಂಥ ಪುಟ್ಟ ಓಎಸ್‌ಗಳ ಸಂಶೋಧನೆ ಹೊಸದೇನಲ್ಲ. 2000ರ ಸುಮಾರಿಗೆ ಅಮೆರಿಕದ ಬರ್ಕ್ಲಿಯಲ್ಲಿ ಟೈನಿಓಎಸ್ ಬಂತು, ಆಮೇಲೆ ಸ್ವೀಡನ್ನಿನ ಆಡಮ್ ಡಂಕೆಲ್ಸ್ ಅವರ ಕಾಂಟಿಕಿ. ನನಗೆ ಇಷ್ಟವಾಗುವುದು ಕಾಂಟಿಕಿಯ ಪ್ರೊಟೊಥ್ರೆಡ್. ಮಾಮೂಲಿ ಥ್ರೆಡ್ (ಜೊತೆಜೊತೆಗೆ ನಡೆಯುವ ಕೆಲಸಗಳಲ್ಲಿ ಒಂದು) ಒಂದೊಂದಕ್ಕೂ ಬೇರೆ ಸ್ಟ್ಯಾಕ್ (ಕೆಲಸದ ನಡುವಿನ ಮಾಹಿತಿ ಇಡುವ ಮೆಮೊರಿ ಜಾಗ) ಬೇಕು, ಇಲ್ಲಿ ಎಲ್ಲವೂ ಒಂದನ್ನೇ ಹಂಚಿಕೊಳ್ಳುತ್ತವೆ, ಹಾಗಾಗಿ ಒಂದಕ್ಕೆ ಎರಡು ಬೈಟ್ ಇದ್ದರೂ ಸಾಕು! ಆದರೆ ಸುಮ್ನೆ ಸಿಗುವುದಿಲ್ಲ: ಥ್ರೆಡ್ ಕಾಯಲು ನಿಂತರೆ ಅದರ ಒಳಗಿನ ತಾತ್ಕಾಲಿಕ ಮೌಲ್ಯಗಳಾದ ಲೋಕಲ್ ವೇರಿಯಬಲ್‌ಗಳು ಉಳಿಯುವುದಿಲ್ಲ, ಇದು ಗೊತ್ತಿಲ್ಲದೆ ಕೋಡ್ ಬರೆದರೆ ತಲೆ ಕೆಡುತ್ತದೆ. ಬರ್ಲಿನ್ನಿನಲ್ಲಿ ಬೇರು ಬಿಟ್ಟ ರಯಟ್ ಅನ್ನೋ ಓಎಸ್, ಚಿಕ್ಕದಾಗಿದ್ದುಕೊಂಡೇ ನಿಜವಾದ ಥ್ರೆಡ್ ಕೊಡುತ್ತದೆ.

ಈಗಿನ ತಲೆನೋವು ಭದ್ರತೆ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಕ್ಯಾಮೆರಾ, ರೂಟರ್‌ಗಳನ್ನು ಬದಲಾಯಿಸದ ಡೀಫಾಲ್ಟ್ ಪಾಸ್‌ವರ್ಡ್ ಬಳಸಿಯೇ ಹಿಡಿದಿತ್ತು. ಅದನ್ನು ಯಾವ ಕರ್ನಲ್ (ಓಎಸ್‌ನ ತಿರುಳು) ತಡೆಯುತ್ತೆ ಹೇಳಿ? ಆದರೆ ಮೆಮೊರಿ ದೋಷಗಳನ್ನು ತಡೆಯಬಹುದು. ಟಾಕ್ ಅನ್ನೋ ಓಎಸ್‌ನ ಕರ್ನಲ್ ಇಂಥ ದೋಷಗಳನ್ನು ಬಹುಮಟ್ಟಿಗೆ ತಡೆಯುವ ರಸ್ಟ್ ಭಾಷೆಯಲ್ಲಿದೆ, ಚಿಪ್ಪಿನ ಮೆಮೊರಿ ರಕ್ಷಣಾ ಘಟಕ ಬಳಸಿ ಒಂದು ಆ್ಯಪ್ ಇನ್ನೊಂದರ ಮೆಮೊರಿ ಮುಟ್ಟದಂತೆ ಬೇಲಿ ಹಾಕುತ್ತದೆ.