ಹುತ್ತದ ಅಣಬೆ ತಿಂದರೆ ವಿಟಮಿನ್ ಡಿ ಸಿಗುತ್ತದೆಯೇ?

ಪ್ರಶ್ನೆ: ನಾವು ಸಸ್ಯಾಹಾರಿಗಳು. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಬಂದಿದೆ. ಮಳೆಗಾಲದಲ್ಲಿ ತೋಟದ ಹುತ್ತದ ಹತ್ತಿರ ಏಳುವ ಅಣಬೆ ತಿಂದರೆ ಸರಿಹೋಗುತ್ತದೆಯೇ? ಅಂಗಡಿಯ ಅಣಬೆಯಲ್ಲಿ ಡಿ ಇಲ್ಲವಂತೆ, ನಿಜವೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಅಣಬೆಯಲ್ಲಿ ಡಿ ಹುಟ್ಟುವುದು ಬಿಸಿಲಿನಿಂದ, ಕಾಡಿನದೋ ಅಂಗಡಿಯದೋ ಎಂಬುದು ಆಮೇಲಿನ ಮಾತು. ಅದರಲ್ಲಿರುವ ಎರ್ಗೊಸ್ಟೆರಾಲ್ ಎಂಬ ವಸ್ತುವಿಗೆ ಬಿಸಿಲಿನ ಯುವಿ-ಬಿ (ಅತಿನೇರಳೆ) ಕಿರಣ ತಾಗಿದಾಗ ಡಿ2, ಅಂದರೆ ವಿಟಮಿನ್ ಡಿಯ ಒಂದು ರೂಪ, ಆಗುತ್ತದೆ. ಯುರೋಪಿನ ಕಾಡಿನ ಶಾಂತರೆಲ್ ಅಣಬೆಗಳಲ್ಲಿ 100 ಗ್ರಾಂಗೆ 30 ಮೈಕ್ರೋಗ್ರಾಂ ಹತ್ತಿರದವರೆಗೂ ಸಿಕ್ಕಿದೆ. ನಮ್ಮ ಹುತ್ತದ ಅಣಬೆಯೋ ಮೋಡ ಕವಿದ ದಿನಗಳಲ್ಲೇ ಏಳುತ್ತದೆ, ಅರಳುವ ಮೊದಲೇ ಕಿತ್ತುಬಿಡುತ್ತೇವೆ. ಅದನ್ನು ರುಚಿಗೆ ತಿನ್ನಿ, ಡಿ ಲೆಕ್ಕಕ್ಕೆ ಹಿಡಿಯಬೇಡಿ.

ಅಂಗಡಿಯ ಬಟನ್ ಅಣಬೆ ಕತ್ತಲಲ್ಲಿ ಬೆಳೆದದ್ದು. ಸಾಮಾನ್ಯವಾಗಿ 100 ಗ್ರಾಂಗೆ 1 ಮೈಕ್ರೋಗ್ರಾಂ ಕೂಡ ಇರುವುದಿಲ್ಲ. ಆದರೆ ಕೊಯ್ದ ಮೇಲೂ ಬಿಸಿಲು ಕೆಲಸ ಮಾಡುತ್ತದೆ. 100 ಗ್ರಾಂ ಅಣಬೆಯನ್ನು ಕಾಲಿಂಚು ದಪ್ಪದ ಹೋಳು ಮಾಡಿ, ಒಂದರ ಮೇಲೊಂದು ಬೀಳದಂತೆ ತಟ್ಟೆಯಲ್ಲಿ ಹರಡಿ, 11ರಿಂದ 2 ಗಂಟೆಯೊಳಗಿನ ನೇರ ಬಿಸಿಲಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಇಡಿ. ಸಾಮಾನ್ಯವಾಗಿ 10 ಮೈಕ್ರೋಗ್ರಾಂ ದಾಟುತ್ತದೆ. ದಿನದ ಅಗತ್ಯ 15 ಮೈಕ್ರೋಗ್ರಾಂ, ಅಂದರೆ 600 ಐಯು (ಅಂತರರಾಷ್ಟ್ರೀಯ ಯೂನಿಟ್). ಇಡಿಯಾಗಿಯೇ ಇಡುವುದಾದರೆ ಕೊಡೆಯ ಅಡಿಭಾಗ ಆಕಾಶ ನೋಡುವಂತೆ ಮಗುಚಿಡಿ. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ: ನೊಣ ಕೂರುತ್ತದೆಂದು ಗಾಜಿನ ಮುಚ್ಚಳ ಹಾಕುತ್ತಾರೆ, ಇಲ್ಲವೇ ಕಿಟಕಿಯೊಳಗಿನ ಬಿಸಿಲಿಗಿಡುತ್ತಾರೆ. ಗಾಜು ಯುವಿ-ಬಿಯನ್ನು ತಡೆಯುತ್ತದೆ. ಅಣಬೆ ಬಾಡುತ್ತದೆ, ಡಿ ಬರುವುದಿಲ್ಲ. ಬೇಸಿಗೆಯಲ್ಲೇ ಗರಿಗರಿಯಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿ ಕತ್ತಲಲ್ಲಿಟ್ಟರೆ ಮಳೆಗಾಲಕ್ಕಾಗುತ್ತದೆ.

ರಕ್ತದಲ್ಲಿ ಡಿ ಮಟ್ಟ ಏರಿಸುವುದರಲ್ಲಿ ಅಣಬೆಯ ಡಿ2, ನಮ್ಮ ಚರ್ಮ ಬಿಸಿಲಿನಲ್ಲಿ ತಯಾರಿಸುವ ಡಿ3ಗಿಂತ ಹಿಂದೆ. ಕೊರತೆ ಖಚಿತವಾಗಿದ್ದರೆ ವೈದ್ಯರು ಬರೆದ ಔಷಧ ಬಿಡಬೇಡಿ.

ಪ್ರಶ್ನೆ: ಹುರಿದರೆ ಡಿ ಹಾಳಾಗುವುದಿಲ್ಲವೇ?
– ಓದುಗರು, ಹಾಸನ

ಉತ್ತರ: ಐದು ನಿಮಿಷ ಹುರಿದರೆ ಬಹುಪಾಲು ಉಳಿಯುತ್ತದೆ. ಒಂದು ಚಮಚ ಎಣ್ಣೆಯೋ ತೆಂಗಿನಕಾಯಿಯೋ ಇರಲಿ. ಡಿ ಕೊಬ್ಬಿನಲ್ಲಿ ಕರಗುವಂಥದು.

ಪ್ರಶ್ನೆ: ಅಣಬೆಯನ್ನು ಅರಿಸಿನ ಹಾಕಿ ಕುದಿಸಿದಾಗ ಬಣ್ಣ ಬದಲಾಗದಿದ್ದರೆ ವಿಷವಿಲ್ಲ ಎನ್ನುತ್ತಾರೆ. ನಂಬಬಹುದೇ?
– ಓದುಗರು, ಪುತ್ತೂರು

ಉತ್ತರ: ಖಂಡಿತ ಬೇಡ. ಬೆಳ್ಳಿ ಚಮಚ, ಬೆಳ್ಳುಳ್ಳಿ, ಹುಳು ಹಿಡಿದಿದೆಯೇ ಎಂಬ ಪರೀಕ್ಷೆಗಳೂ ಅಷ್ಟೇ. ಅಮಾನಿಟಾ ಜಾತಿಯ ಕೆಲವು ಅಣಬೆಗಳ ವಿಷ ಕುದಿಸಿದರೂ ಹೋಗದು. ಕೀಳುವಾಗ ಕಾಂಡ ಮುರಿಯದೆ ಬುಡ ಬಗೆದು ನೋಡಿ. ದೊಡ್ಡ ಜಾತಿಯ ಹುತ್ತದ ಅಣಬೆಗೆ ಬೇರಿನಂಥ ಉದ್ದ ಬಾಲ ಹುತ್ತದೊಳಕ್ಕೆ ಇಳಿದಿರುತ್ತದೆ. ಬುಡದಲ್ಲಿ ಚೀಲದಂಥ ಪೊರೆ ಕಂಡರೆ ಅಲ್ಲೇ ಬಿಡಿ. ಈ ಗುರುತುಗಳು ಬೇಡದ್ದನ್ನು ಬಿಡುವುದಕ್ಕೆ ಮಾತ್ರ. ತಿನ್ನಬಹುದೆಂದು ಹೇಳಬೇಕಾದವರು ಆ ಜಾಗದ ಅಣಬೆಯನ್ನು ವರ್ಷಗಟ್ಟಲೆ ಬಲ್ಲವರು. ತಿಂದು 6ರಿಂದ 24 ಗಂಟೆಯ ಬಳಿಕ ವಾಂತಿ-ಭೇದಿ ಶುರುವಾದರೆ, ನಡುವೆ ಒಂದು ದಿನ ಹಾಯೆನಿಸಿದರೂ ಕಾಯಬೇಡಿ. ಯಕೃತ್ತು ಕೆಡುವುದು ಆಗಲೇ. ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೋಗಿ.