ಜರ್ಮನಿಯಲ್ಲಿದ್ದರೂ ಜರ್ಮನ್ ಬಾಯಿಗೆ ಬರುತ್ತಿಲ್ಲ

ಪ್ರಶ್ನೆ: ನಾನು ದಾವಣಗೆರೆಯವನು. ಜರ್ಮನಿಯ ಕೆಮ್ನಿಟ್ಸ್ ನಗರದಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ಬೆಂಗಳೂರಿನಲ್ಲಿದ್ದಾಗಲೇ ಜರ್ಮನ್ ಭಾಷೆಯ ಬಿ1 ಪರೀಕ್ಷೆ ಪಾಸಾಗಿದ್ದೆ. ಇಲ್ಲಿಗೆ ಬಂದು ಎಂಟು ತಿಂಗಳಾದರೂ ನಾನು ಬಾಯಿ ತೆರೆದ ಕೂಡಲೇ ಎದುರಿನವರು ಇಂಗ್ಲಿಷಿಗೆ ಹೊರಳುತ್ತಾರೆ. ಮನೆಯಲ್ಲಿ ಜೊತೆಗಿರುವವರೆಲ್ಲ ಭಾರತೀಯರೇ. ಏನು ಮಾಡಲಿ?

ಉತ್ತರ: ಯುರೋಪಿನ ಆರು ಹಂತಗಳ ಭಾಷಾ ಅಳತೆಯಲ್ಲಿ ಬಿ1 ಮೂರನೆಯದು. ಆ ಹಂತ ದಾಟಿದ ನಿಮಗೆ ಕೊರತೆಯಿರುವುದು ವ್ಯಾಕರಣದಲ್ಲಲ್ಲ, ಆಡಿದ ಅಭ್ಯಾಸದಲ್ಲಿ. ಹೇಳಬೇಕಾದ ಮಾತನ್ನು ಮೊದಲು ಇಂಗ್ಲಿಷಿನಲ್ಲಿ ಕಟ್ಟಿಕೊಂಡು ಆಮೇಲೆ ಜರ್ಮನ್ನಿಗೆ ತಿರುಗಿಸುವ ರೂಢಿಯನ್ನು ನನ್ನ ವಿದ್ಯಾರ್ಥಿಗಳಲ್ಲಿ ಬಹಳ ಸಲ ಕಂಡಿದ್ದೇನೆ. ಕನ್ನಡಿಗರಿಗೆ ಈ ಸುತ್ತುದಾರಿ ಬೇಕಾಗಿಯೇ ಇಲ್ಲ. ‘ನನಗೆ ಚಳಿಯಾಗುತ್ತಿದೆ’ ಎನ್ನುವಾಗ ನಾವು ಚತುರ್ಥಿ ವಿಭಕ್ತಿ ಬಳಸುವಂತೆಯೇ ಜರ್ಮನ್ನರು ‘ಮಿಯರ್ ಇಸ್ಟ್ ಕಲ್ಟ್’ ಎನ್ನುತ್ತಾರೆ, ಅಲ್ಲಿನ ‘ಮಿಯರ್’ ನಮ್ಮ ‘ನನಗೆ’ಯೇ. ಇದನ್ನೇ ಇಂಗ್ಲಿಷಿನ ಜಾಡು ಹಿಡಿದು ‘ಇಷ್ ಬಿನ್ ಕಲ್ಟ್’ ಎಂದರೆ, ನಾನು ಭಾವನೆಗಳಿಲ್ಲದ ಮನುಷ್ಯ ಎಂಬರ್ಥ ಬಂದುಬಿಡುತ್ತದೆ. ‘ವೈಲ್’ ಎಂದು ಕಾರಣ ಹೇಳುವ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುವುದಾಗಲಿ, ‘ದು’ ಮತ್ತು ‘ಜೀ’ಗಳ ನಡುವೆ ನೀನು-ನೀವಿನ ಅಂತರವಿರುವುದಾಗಲಿ ನಮಗೆ ಹೊಸದಲ್ಲ. ‘ಷ್ಟಟ್’ ಎಂದರೆ ಊರು, ‘ಷ್ಟಾಟ್’ ಎಂದರೆ ರಾಷ್ಟ್ರ. ಹ್ರಸ್ವ-ದೀರ್ಘಗಳ ಬೆಲೆ ಕನ್ನಡದ ಕಿವಿಗೆ ಚೆನ್ನಾಗಿ ಗೊತ್ತು. ನಿಜವಾಗಿ ಕಷ್ಟ ಕೊಡುವುದು ಲಿಂಗ. ಊಟದ ಮೇಜಿನ ಮೇಲೆ ಚಮಚ ಪುಲ್ಲಿಂಗ, ಮುಳ್ಳುಚಮಚ ಸ್ತ್ರೀಲಿಂಗ, ಚಾಕು ನಪುಂಸಕ. ಆದ್ದರಿಂದ ಪ್ರತಿ ನಾಮಪದವನ್ನೂ ಅದರ ಹಿಂದೆ ಬಂದು ಲಿಂಗ ತೋರಿಸುವ ‘ದೇರ್, ದೀ, ದಾಸ್’ ಸಮೇತವೇ ಕಲಿಯಿರಿ.

ಇಂಗ್ಲಿಷಿಗೆ ಹೊರಳುವವರು ಸಾಮಾನ್ಯವಾಗಿ ನಿಮಗೆ ಸಹಾಯವಾಗಲೆಂದೇ ಹಾಗೆ ಮಾಡುತ್ತಾರೆ. ‘ಔಫ್ ಡಾಯ್ಚ್, ಬಿಟ್ಟೆ’, ಅಂದರೆ ದಯವಿಟ್ಟು ಜರ್ಮನ್ನಿನಲ್ಲಿ, ಎಂದು ಕೇಳಿಕೊಂಡರೆ ಯಾರೂ ಬೇಸರಿಸುವುದಿಲ್ಲ. ಆದರೆ ಅಂಗಡಿಯ ಎರಡು ಮಾತಿನಿಂದ ನಾಲಿಗೆ ಪಳಗದು. ಅದೇ ಜನ ವಾರ ವಾರವೂ ಸೇರುವ ಜಾಗ ಬೇಕು, ಅದಕ್ಕೆ ಜರ್ಮನಿಯಲ್ಲಿ ‘ಫೆರೈನ್’ ಎಂಬ ಸಂಘಗಳಿವೆ. ವಾಲಿಬಾಲ್, ಗಾಯನ, ತೋಟಗಾರಿಕೆ, ಯಾವುದಾದರೂ ಸರಿ. ಒಂದೇ ಆಟದ ಸುತ್ತ ಅವೇ ನೂರಿನ್ನೂರು ಪದಗಳು ಮರಳಿ ಮರಳಿ ಕಿವಿಗೆ ಬೀಳುವುದರಿಂದ ಮಾತು ತಾನಾಗಿ ಹೊರಡುತ್ತದೆ. ನಿಮ್ಮ ಭಾಷೆ ಕಲಿಸಿ ಅವರ ಭಾಷೆ ಕಲಿಯುವ ‘ಟಾಂಡೆಮ್’ ಜೊತೆಗಾರರೂ ಸಿಗಬಹುದು, ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ.

ಇವೆಲ್ಲಕ್ಕಿಂತ ಮುಖ್ಯವಾಗಿ ನಾನು ಹೇಳುವುದು, ಮುಂದಿನ ಸೆಮಿಸ್ಟರಿಗೆ ಜರ್ಮನ್ ವಿದ್ಯಾರ್ಥಿಗಳಿರುವ ‘ವೇಗೇ’ಗೆ, ಅಂದರೆ ಹಂಚಿಕೊಂಡಿರುವ ಮನೆಗೆ, ಹೋಗಿ. ಊರಿನವರ ಜೊತೆಯನ್ನು ಬಿಟ್ಟು ಹೋಗುವುದು ಮನಸ್ಸಿಗೆ ಭಾರವೆಂದು ನನಗೆ ಗೊತ್ತು. ಭಾನುವಾರದ ಊಟಕ್ಕೆ ಅವರಲ್ಲಿಗೇ ಹೋಗಬಹುದು. ಆದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಸ್ವಚ್ಛತೆಯ ಸರದಿಪಟ್ಟಿಯ ಮುಂದೆ ನಿಂತು, ಈ ವಾರ ಕಸ ಹೊರಗಿಡುವವರು ಯಾರು ಎಂದು ಚರ್ಚಿಸುವಾಗ ಬರುವ ಭಾಷೆಯನ್ನು ಯಾವ ತರಗತಿಯೂ ಕಲಿಸಲಾರದು.

ನೀವಿರುವುದು ಸ್ಯಾಕ್ಸನಿ ರಾಜ್ಯದಲ್ಲಿ, ಆದುದರಿಂದ ಇನ್ನೊಂದು ಮಾತು. ಅಲ್ಲಿಯವರ ಬಾಯಲ್ಲಿ ಕ, ಪ, ಟಗಳು ಮೆದುವಾಗಿ ಗ, ಬ, ಡಗಳಂತೆ ಕೇಳಿಸುತ್ತವೆ; ‘ನೂ’ ಎಂದರೆ ‘ಹೌದು’ ಎಂದರ್ಥ. ‘ಫಿಯರ್ಟಲ್ ದ್ರೈ’ಗೆ ಭೇಟಿಯಾಗೋಣ ಎಂದರೆ ಎರಡೂ ಕಾಲು ಗಂಟೆ, ಅದನ್ನು ಮೂರೂ ಕಾಲು ಎಂದು ತಿಳಿದು ಹೊರಟರೆ ಒಂದು ಗಂಟೆ ತಡವಾಗಿ ತಲುಪುತ್ತೀರಿ.