ಮಾತ್ರೆ ಎಂಟಕ್ಕೆ ಅಂದರೆ ಎಂಟಕ್ಕೇ

ಮೈ ನಡುಗಿಸಿ ಬಿಗಿ ಹಿಡಿಸುವ ಪಾರ್ಕಿನ್ಸನ್ ಕಾಯಿಲೆ ಇರುವ ಅಪ್ಪನಿಗೆ ಈಗ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಬರೆದಿದ್ದೀರಿ. 'ನಡುಗುವ ಜೀವಕ್ಕೆ ಇನ್ನು ಕೀಮೋ ಯಾಕೆ, ಸುಮ್ನೆ ಬಿಟ್ಟುಬಿಡಿ' ಅನ್ನುತ್ತಿದ್ದಾರಂತೆ ನೆಂಟರು. ಮೈ ತೀರಾ ಸೋತಿದ್ದರೆ ಅವರ ಮಾತಲ್ಲೂ ನ್ಯಾಯವಿದೆ, ಒಪ್ಪುತ್ತೇನೆ. ಆದರೆ ನಡುಕ ಇದೆ ಅನ್ನುವುದೊಂದೇ ಕಾರಣಕ್ಕೆ ಕೈಚೆಲ್ಲುವುದನ್ನು ನಾನು ಒಪ್ಪಲಾರೆ.

ನನ್ನ ಸೋದರಮಾವನಿಗೂ ಎರಡೂ ಇದ್ದವು. ಆಪರೇಷನ್ ಆದ ದಿನ ವಾಂತಿ ನಿಲ್ಲಲಿ ಅಂತ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಕೊಟ್ಟರು. ಪಾರ್ಕಿನ್ಸನ್ನಿಗೆ ಕೊಡುವ ಲೆವೊಡೋಪಾ ಮಾತ್ರೆ ಎರಡು ಹೊತ್ತು ತಪ್ಪಿತು. ಮರುದಿನ ಬೆಳಿಗ್ಗೆ ಮಾವನ ಬೆರಳು ಚಮಚದ ಸುತ್ತ ಮಡಚಲಿಲ್ಲ, ಗಂಜಿ ಎದೆಯ ಮೇಲೆ ಇಳಿಯಿತು. 'ಕ್ಯಾನ್ಸರ್ ಜಾಸ್ತಿಯಾಗಿದೆ' ಅಂದರು. ಕ್ಯಾನ್ಸರ್ ಅಲ್ಲ, ಆ ಇಂಜೆಕ್ಷನ್! ಮೈಯ ಚಲನೆಗೆ ಬೇಕಾದ ಡೋಪಮೈನ್ ಅನ್ನುವ ರಾಸಾಯನಿಕ ಮಿದುಳಿನಲ್ಲಿ ಮಾಡುವ ಕೆಲಸವನ್ನೇ ಅದು ತಡೆಯುತ್ತದೆ. ಪಾರ್ಕಿನ್ಸನ್ ಇರುವವರಿಗೆ ಕಡಿಮೆ ಇರುವುದೇ ಡೋಪಮೈನ್. ವಾಂತಿಗೆ ಒಂಡಾನ್ಸೆಟ್ರಾನ್ ಇದೆ. ಪಾರ್ಕಿನ್ಸನ್ನಿಗೇ ಕೊಡುವ ಇನ್ನೊಂದು ಔಷಧಿ ಅಪೊಮಾರ್ಫಿನ್ ತೆಗೆದುಕೊಳ್ಳುವವರಿಗೆ ಮಾತ್ರ ಅದು ಬೇಡ.

ಅದಕ್ಕೇ ನರರೋಗದ ಡಾಕ್ಟರೂ ಕ್ಯಾನ್ಸರ್ ಡಾಕ್ಟರೂ ಮೊದಲೇ ಮಾತಾಡಿಕೊಳ್ಳಲಿ ಅಂತ ಹಟ ಹಿಡಿಯಿರಿ. ಮಾತ್ರೆಯ ಹೊತ್ತು ಬರೆದು ಮಂಚಕ್ಕೆ ಅಂಟಿಸಿ. ಎಂಟಕ್ಕೆ ಅಂದರೆ ಎಂಟಕ್ಕೇ. ಲೆವೊಡೋಪಾ ಏಕಾಏಕಿ ನಿಲ್ಲಿಸಿದರೆ ವಿಪರೀತ ಜ್ವರ, ಸೆಡೆತ ಬಂದು ಜೀವಕ್ಕೇ ಕುತ್ತಾಗಬಹುದು. ಕರುಳಿನ ಕ್ಯಾನ್ಸರಿಗೆ ಆಕ್ಸಾಲಿಪ್ಲಾಟಿನ್ ಅನ್ನುವ ಕೀಮೋ ಔಷಧಿ ಕೊಡುವುದುಂಟು. ಅದರಿಂದ ಕೈಕಾಲು ಜೋಮು ಹಿಡಿಯುತ್ತದೆ. ಮೊದಲೇ ತಡವರಿಸಿ ನಡೆಯುವವರು ಬಿದ್ದರೆ ಏನು ಗತಿ? ಅದಿಲ್ಲದೆ ಆಗುತ್ತದಾ ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಯಾಕೆ?

1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆ ಬಗ್ಗೆ ಬರೆದದ್ದು ಆರೇ ಆರು ಜನರನ್ನು ನೋಡಿ. ಅವರಲ್ಲಿ ಕೆಲವರನ್ನು ಕಂಡದ್ದು ಬೀದಿಯಲ್ಲಿ. ನಿಂತ ಭಂಗಿ, ನಡಿಗೆ, ಎಲ್ಲ ಗಮನಿಸಿದ್ದ. ಈಗ ಕರುಳಿಗೊಂದು ಫೈಲು, ಮಿದುಳಿಗೊಂದು ಫೈಲು. ಎರಡೂ ಒಬ್ಬರದೇ ಅಂತ ನೆನಪಿಸಲು ಮನೆಯವರು ಓಡಾಡಬೇಕು. ಹೊಸ ಔಷಧಿಗಳ ಪ್ರಯೋಗದಲ್ಲೂ ಇಂಥವರನ್ನು ಎಷ್ಟೋ ಸಲ ಸೇರಿಸಿಕೊಳ್ಳುವುದೇ ಇಲ್ಲ. ಆಮೇಲೆ 'ಇವರಿಗೆ ಹೇಗೆ ಒಗ್ಗುತ್ತೋ ಗೊತ್ತಿಲ್ಲ' ಅನ್ನುತ್ತಾರೆ. ಗೊತ್ತಾಗುವುದಾದರೂ ಹೇಗೆ ಹೇಳಿ?

ಒಂದು ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ. ಮೂರು ಪುಟ ಬರೆದಿದ್ದೀರಿ. ನೆಂಟರು ಅಂದದ್ದಿದೆ, ಡಾಕ್ಟರು ಅಂದದ್ದಿದೆ. ಅಪ್ಪ ಏನಂದರು ಅನ್ನುವುದು ಎಲ್ಲೂ ಇಲ್ಲ. ಅವರ ಮಾತು ಮೆಲ್ಲಗಾಗಿದ್ದರೂ ಪಕ್ಕ ಕೂತು ಕೇಳಿ, ಮುಂದಿನ ಪತ್ರದಲ್ಲಿ ಬರೆಯಿರಿ.

– ಸಂಪಾದಕ